ನಾಲ್ಕರ ಇಳಿತ

ಭಾರವನ್ನು ಎತ್ತುವುದಕ್ಕಿಂತ ಇಳಿಸುವ ರೀತಿ ಮನುಷ್ಯನ ರಕ್ತವನ್ನು ಹೆಚ್ಚು ಬದಲಿಸುತ್ತದೆ ಎಂದು ತೋರಿಸಿಕೊಟ್ಟ ಮೂವರಲ್ಲಿ ನಾನೊಬ್ಬಳು. ಉಳಿದಿಬ್ಬರು ಈಗಲೂ ಸಭೆಗಳಲ್ಲಿ ಶಾಲು ಹೊದಿಸಿಕೊಳ್ಳುತ್ತಾರೆ. ನಾನು ಹೋಗುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಅದಕ್ಕೆ ಒಂದೇ ಸಲ ಪೂರ್ತಿ ಬರೆದುಬಿಡುತ್ತೇನೆ.

ನಮ್ಮೂರು ಜಮಖಂಡಿ. ಅಪ್ಪ ಲಗಮಪ್ಪ ಅಲ್ಲಿನ ಒಂದು ತಾಲೀಮಿನ ವಸ್ತಾದ, ಎಂದರೆ ಕುಸ್ತಿಯ ಗುರು. ಮೈಸೂರು ಕಡೆಯವರು ಗರಡಿಮನೆ ಅನ್ನುವುದನ್ನು ನಮ್ಮ ಕಡೆ ತಾಲೀಮು ಅನ್ನುತ್ತೇವೆ. ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ಕಣ, ಗೋಡೆಯ ಮೇಲೆ ಹನುಮಪ್ಪ, ಮೂಲೆಯಲ್ಲಿ ಸಂಗ್ರಾಣಿ ಕಲ್ಲುಗಳು. ಉರುಟಾದ ಆ ಕಲ್ಲುಗಳಿಗೆ ಹಿಡಿಕೆ ಇರುವುದಿಲ್ಲ, ಅವಚಿಕೊಂಡು ಎದೆಯವರೆಗೆ ಎತ್ತಬೇಕು. ಹೆಣ್ಣುಮಕ್ಕಳು ಕಣದ ಮಣ್ಣು ತುಳಿಯುವಂತಿಲ್ಲ. ನಾನು ಬೆಳೆದದ್ದೆಲ್ಲ ಹೊಸ್ತಿಲ ಹೊರಗೆ, ಬದಾಮಿ ಅರೆದು ಹಾಲಿಗೆ ಹಾಕಿದ ಖುರಾಕಿನ ತಂಬಿಗೆ ಹಿಡಿದುಕೊಂಡು.

ಆ ಹೊಸ್ತಿಲಲ್ಲಿ ನಿಂತು ಕಂಡ ಒಂದು ಕಟ್ಟಳೆಯನ್ನು ಇಲ್ಲಿ ಹೇಳಲೇಬೇಕು. ಕಲ್ಲು ಎತ್ತಿದವನು ವಸ್ತಾದ ‘ಬಸ್’ ಅನ್ನುವ ತನಕ ಅದನ್ನು ಕೈಬಿಡುವಂತಿಲ್ಲ. ಕೈ ನಡುಗಲಿ, ಮೂಗಿನಲ್ಲಿ ರಕ್ತ ಬರಲಿ, ಏರಿಳಿತ ನಡೆಯುತ್ತಲೇ ಇರಬೇಕು. ವಸ್ತಾದ ಹೇಳದೆ ಕಲ್ಲು ಬಿಟ್ಟವನು ಒಂದು ತಿಂಗಳು ಕಣ ಗುಡಿಸಬೇಕು. ಎರಡನೇ ಸಲ ಬಿಟ್ಟರೆ ಲಂಗೋಟಿಯನ್ನು ಗೂಟಕ್ಕೆ ನೇತುಹಾಕಿ ಮನೆಗೆ ನಡೆಯಬೇಕು. ನನ್ನ ಗಂಡ ಸಿದರಾಯ ಹತ್ತನೇ ವಯಸ್ಸಿಗೆ ಅಪ್ಪನ ಶಿಷ್ಯನಾಗಿ ಬಂದವನು. ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ಹೇಳದೆ ಬಿಟ್ಟವನಲ್ಲ. ಒಮ್ಮೆ ಹೆಬ್ಬೆರಳಿನ ಉಗುರು ಕಿತ್ತು ಜೋತಾಡುತ್ತಿದ್ದರೂ ಕಲ್ಲನ್ನು ಎದೆಗೆ ಅವಚಿಕೊಂಡು ಅಪ್ಪನ ಬಾಯನ್ನೇ ನೋಡುತ್ತ ನಿಂತಿದ್ದ. ನನಗೆ ಅವನ ಮೇಲೆ ಮನಸ್ಸಾದದ್ದೂ ಆ ದಿನವೇ. ಹುಚ್ಚು ವಯಸ್ಸು.

ನಾನು ಹಾರ್ಮೋನುಗಳ ಮೇಲೆ ಡಾಕ್ಟರೇಟ್ ಮಾಡಿ ಊರ ಹೊರಗಿನ ಕೃಷ್ಣಾತೀರ ಕ್ರೀಡಾವಿಜ್ಞಾನ ಕೇಂದ್ರ ಸೇರಿದೆ. ಅಲ್ಲಿ ನಾವು ಹಿಡಿದ ಪ್ರಶ್ನೆ ಇದು. ಭಾರವನ್ನು ಸರಕ್ಕನೆ ಎತ್ತಿ ಸರಕ್ಕನೆ ಬಿಟ್ಟರೆ ಸ್ನಾಯು ದಣಿಯುತ್ತದೆ, ಅಷ್ಟೇ. ನಿಧಾನವಾಗಿ ಇಳಿಸಿದರೆ ಸ್ನಾಯು ಬಿಗಿ ಬಿಡದೆಯೇ ಉದ್ದವಾಗಬೇಕು. ಆಗ ಒಳಗೆ ಆಮ್ಲ ತುಂಬುತ್ತದೆ, ಮಿದುಳಿನ ಬುಡದ ಗ್ರಂಥಿಗೆ ಸುದ್ದಿ ಮುಟ್ಟುತ್ತದೆ, ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು, ಗಂಡು ಹಾರ್ಮೋನು ಎರಡೂ ಏರುತ್ತವೆ. ಏರಿದ್ದು ಸ್ವಲ್ಪವೇ, ಅದೂ ಒಂದು ತಾಸಿನಲ್ಲಿ ಇಳಿದುಹೋಗುತ್ತದೆ. ಇಳಿಯದೇ ಇದ್ದರೆ?

ಜೋಕಾಲಿಯನ್ನು ಸರಿಯಾದ ಗಳಿಗೆಗೆ ತಳ್ಳಿದರೆ ಪ್ರತಿ ಸಲವೂ ಇನ್ನಷ್ಟು ಮೇಲೆ ಹೋಗುತ್ತದಲ್ಲ, ಹಾಗೆ ಪ್ರತಿ ದೇಹಕ್ಕೂ ಒಂದು ಗಳಿಗೆ ಇದೆ ಎಂದು ನಾವು ಕಂಡುಕೊಂಡೆವು. ಒಂದು ಸೆಕೆಂಡಿನಲ್ಲಿ ಎತ್ತಬೇಕು, ಹೆಚ್ಚುಕಡಿಮೆ ನಾಲ್ಕು ಸೆಕೆಂಡಿನಲ್ಲಿ ಇಳಿಸಬೇಕು. ಅದನ್ನು ಹಿಡಿಯಲು ಲಯಪಟ್ಟಿ ಮಾಡಿದೆವು. ತೋಳಿಗೆ ಕಟ್ಟುವ ಅಗಲ ಪಟ್ಟಿ ಅದು. ಬೆವರಿನಿಂದ ಹಾರ್ಮೋನಿನ ಮಟ್ಟ ಅಳೆದು, ಚರ್ಮದ ಮೇಲೆ ಮೆಲ್ಲಗೆ ಬಡಿದು ತಾಳ ಹೇಳುತ್ತದೆ. ಎತ್ತಲು ಒಂದು ಬಡಿತ, ಇಳಿಸಲು ನಾಲ್ಕು. ಮಟ್ಟ ಮಿತಿ ದಾಟಿದರೆ ಮೂರು ಸಲ ಉದ್ದಕ್ಕೆ ಗುಂಯ್‌ಗುಡುತ್ತದೆ. ಅಂದರೆ ಭಾರ ಕೆಳಗಿಡು ಎಂದರ್ಥ.

“ಗುಂಯ್ ಅಂದಮೇಲೂ ಇಳಿಸದಿದ್ದರೆ ಪಟ್ಟಿ ಏನು ಮಾಡಬೇಕು?” ನಮ್ಮ ಮುಖ್ಯಸ್ಥರಾದ ಡಾ. ಗಲಗಲಿ ಕೇಳಿದ್ದರು.

“ಯಾಕ ಇಳಸಂಗಿಲ್ರಿ ಸರ್? ಯಾವಾಗ ಬಿಟ್ಟೇವೋ ಅಂತ ಕಾಯ್ತಿರ್ತಾರ” ಎಂದು ನಕ್ಕಿದ್ದೆ.

ಪ್ರಯೋಗಕ್ಕೆ ಬರುತ್ತಿದ್ದವರು ಕಾಲೇಜು ಹುಡುಗರು. ಮೊದಲ ಗುಂಯ್‌ಗೇ ಧಡಲ್ಲನೆ ಭಾರ ಕೆಡವಿ ಮೊಬೈಲು ಹಿಡಿಯುತ್ತಿದ್ದರು. ಹಾಗಾಗಿ ಪಟ್ಟಿಯ ಪ್ರೋಗ್ರಾಮಿನಲ್ಲಿ ಆ ಜಾಗಕ್ಕೆ ಒಂದು ಸಾಲು ಬರೆದು ಮುಗಿಸಿದೆ: ಭಾರ ಇನ್ನೂ ಚಲಿಸುತ್ತಿದ್ದರೆ ಹೊಸ ಸುತ್ತು ಶುರುವಾಗಿದೆ ಎಂದು ತಿಳಿ, ಈಗಿನ ಮಟ್ಟದಿಂದಲೇ ಹೊಸ ಮಿತಿ ಹಾಕಿಕೋ. ತಾಲೀಮಿನ ಹೊಸ್ತಿಲಲ್ಲಿ ಬೆಳೆದವಳು ಬರೆದ ಸಾಲು ಅದು. ಆಗ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ ಗೊತ್ತಿಲ್ಲ.

ಹನ್ನೆರಡು ಪಟ್ಟಿಗಳನ್ನು ತಾಲೀಮಿಗೆ ನಾನೇ ಒಯ್ದೆ. ಹನ್ನೊಂದು ವರ್ಷಗಳಿಂದ ರಾಜ್ಯದ ಕುಸ್ತಿಯಲ್ಲಿ ನಮ್ಮ ತಾಲೀಮಿಗೆ ಒಂದು ಗದೆ ಬಂದಿರಲಿಲ್ಲ. ಅಪ್ಪ ಪಟ್ಟಿಯನ್ನು ತಿರುವಿ ತಿರುವಿ ನೋಡಿದ.

“ಇದು ನನಗ ಎಣಿಕಿ ಕಲಸ್ತದೇನ?”

“ಸೂಜಿ ಇಲ್ಲ, ಗುಳಗಿ ಇಲ್ಲಪ್ಪಾ. ಬರೇ ತಾಳ. ತಾಳಕ್ಕ ಯಾರ ಡೋಪ್ ಟೆಸ್ಟ್ ಮಾಡ್ತಾರ?”

ಆ ಮಾತು ಅಪ್ಪನಿಗೆ ಹಿಡಿಸಿತು. ಮರುದಿನ ಬೆಳಿಗ್ಗೆ ಹನ್ನೆರಡು ಜನ ಪಟ್ಟಿ ಕಟ್ಟಿಕೊಂಡು ಹನುಮಪ್ಪನಿಗೆ ಕೈಮುಗಿದರು.

ಮೊದಲ ತಿಂಗಳು ಹಬ್ಬ. ಸಿದರಾಯ ನೂರಿಪ್ಪತ್ತು ಕಿಲೋದ ಕಲ್ಲನ್ನು ಕೂಸಿನ ಹಾಗೆ ಎತ್ತಿ ಇಳಿಸುತ್ತಿದ್ದ. ಕುತ್ತಿಗೆ ದಪ್ಪವಾಯಿತು, ಅಂಗಿಯ ತೋಳು ಹರಿದವು. ರೊಟ್ಟಿ ಬಡಿಯುವಾಗ ಹಿಂದಿನಿಂದ ಬಂದು ನನ್ನನ್ನೇ ಎತ್ತಿ, ನಾಲ್ಕು ಎಣಿಸಿ ಮೆಲ್ಲಗೆ ಕೆಳಗಿಡುತ್ತಿದ್ದ. ಸುಳ್ಳು ಯಾಕೆ, ನನಗೂ ಖುಷಿಯಾಗುತ್ತಿತ್ತು.

ಪಟ್ಟಿಗಳ ಲೆಕ್ಕ ಪ್ರಯೋಗಾಲಯದ ಪರದೆಗೆ ಬರುತ್ತಿತ್ತು. ಎರಡನೇ ತಿಂಗಳಲ್ಲಿ ತಾಲೀಮಿನವರ ಹಾರ್ಮೋನು ಮಟ್ಟ ಕಾಲೇಜು ಹುಡುಗರ ಮೂರರಷ್ಟಾಯಿತು. ಆಮೇಲೆ ಐದರಷ್ಟು.

“ಕಸ್ತೂರಿ, ಇದೇನಿದು?” ಎಂದರು ಗಲಗಲಿ.

“ಕಣದ ಮಣ್ಣಿನಾಗ ಎಣ್ಣಿ, ಮಜ್ಜಗಿ ಇರ್ತದ ಸರ್. ಅದು ಬೆವರಿಗೆ ಸೇರಿ ಪಟ್ಟಿ ತಪ್ಪ ತೋರಸ್ತದ.”

ಅವರು ಒಪ್ಪಿಕೊಂಡರು. ನನ್ನಷ್ಟು ಆ ಮಣ್ಣನ್ನು ಬಲ್ಲವರು ಅಲ್ಲಿ ಯಾರಿದ್ದರು?

ಆ ವಾರವೇ ಮನೆಯ ಎಮ್ಮೆ ಸತ್ತಿತು. ಸಿದರಾಯ ಹಾಲು ಕರೆಯುವಾಗ ಅದು ಒದ್ದು ಬಕೆಟ್ ಉರುಳಿಸಿತು. ವರ್ಷಕ್ಕೆ ಹತ್ತು ಸಲ ಹಾಗೆ ಮಾಡುವ ಎಮ್ಮೆ ಅದು, ಬೈದು ಮತ್ತೆ ಕೂರುತ್ತಿದ್ದ. ಅವತ್ತು ಎದ್ದು ಮುಂದೆ ಹೋಗಿ ಅದರ ಕಣ್ಣುಗಳ ನಡುವೆ ಮುಷ್ಟಿಯಿಂದ ಗುದ್ದಿದ. ಎಮ್ಮೆ ಮುಂಗಾಲು ಮಡಚಿತು. ಇನ್ನೊಂದು ಗುದ್ದಿದ. ಅದು ಮಗ್ಗುಲಿಗೆ ಉರುಳಿದ ಮೇಲೂ ಬಗ್ಗಿ ಗುದ್ದುತ್ತಲೇ ಇದ್ದ. ಗುದ್ದಿಗೂ ಗುದ್ದಿಗೂ ನಡುವೆ ಅಳತೆ ಮಾಡಿದಷ್ಟು ಹೊತ್ತು. ಎಮ್ಮೆಯ ಮೂಗಿನಿಂದ ಬಂದ ರಕ್ತ ಹಾಲಿಗೆ ಸೇರಿ ಹಿತ್ತಲ ತುಂಬ ಹರಿಯಿತು. ನಾನು ಬಾಗಿಲು ಹಿಡಿದು ನಿಂತಿದ್ದೆ.

ಕೈ ತೊಳೆದುಕೊಳ್ಳುವಾಗ ಅವನು ಅತ್ತ. “ನನಗ ಏನಾಗೇತಿ ಕಸ್ತೂರಿ? ಅದು ಬೀಳೂದು ಕಾಣತಿತ್ತು. ಕೈ ನಿಂದ್ರಲಿಲ್ಲ.”

“ನಾಳಿಯಿಂದ ಪಟ್ಟಿ ಕಟ್ಟಬ್ಯಾಡ್ರಿ” ಅಂದೆ.

“ಕಟಗೊಳ್ಳಲಿಲ್ಲಂದ್ರ ಮೈ ಉರೀತದ.”

ಮೂರು ದಿನದ ಮೇಲೆ ಮೌಲಾಲಿಯ ಸರದಿ. ಮೌಲಾಲಿ ಸಿದರಾಯನ ಜೋಡಿ, ಇಬ್ಬರೂ ಒಂದೇ ವರ್ಷ ತಾಲೀಮು ಸೇರಿದವರು. ಅಭ್ಯಾಸದಲ್ಲಿ ಸಿದರಾಯ ಅವನ ತೋಳು ಹಿಂದಕ್ಕೆ ತಿರುವಿದ. ಸೋತೆನೆಂದು ಮೌಲಾಲಿ ಇನ್ನೊಂದು ಕೈಯಿಂದ ಮಣ್ಣು ಬಡಿದ. ಬಡಿದರೆ ಬಿಡಬೇಕು. ಸಿದರಾಯ ಬಿಡಲಿಲ್ಲ. ಹಸಿ ಕಟ್ಟಿಗೆ ಮುರಿದ ಹಾಗೆ ಮೊಣಕೈ ಮುರಿಯಿತು. ಮುರಿದ ಮೇಲೂ ಒಂದು ಸುತ್ತು ತಿರುವಿದ. ನಾನು ಆಸ್ಪತ್ರೆಗೆ ಹೋದಾಗ ಮೌಲಾಲಿಯ ಚರ್ಮದ ಹೊರಗೆ ಬಂದಿದ್ದ ಎಲುಬನ್ನು ಒಳಗೆ ಕೂಡಿಸಿ ಕಟ್ಟಿದ್ದರು.

“ಅವನ ಕಣ್ಣಾಗ ನಾ ಇರಲಿಲ್ರಿ ಅಕ್ಕಾರ” ಎಂದ ಮೌಲಾಲಿ. “ತಾಲೀಮಿನ್ಯಾಗ ಎಲ್ಲಾರೂ ಹಂಗ ಆಗ್ಯಾರ. ನಾನೂ ಮನ್ಯಾಗ ತಮ್ಮನ ಹಲ್ಲ ಉದರಿಸೇನಿ. ನಿಮ್ಮ ಅಪ್ಪಾರಿಗೆ ಹೇಳ್ರಿ.”

ಸೀದಾ ಅಪ್ಪನ ಹತ್ತಿರ ಹೋದೆ. ತಾಲೀಮಿನ ಕಟ್ಟೆಯ ಮೇಲೆ ಕೂತು ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಪಟ್ಟಿ ಎಲ್ಲಾ ವಾಪಸ್ ಕೊಡಪ್ಪಾ.”

“ಐತವಾರ ಕುಸ್ತಿ ಅದ. ಅದು ಮುಗದ ಮ್ಯಾಲ ಒಯ್ಯಿ.”

“ಐತವಾರ ಆಂವ ಎದುರಿನಾಂವನ್ನ ಕೊಲ್ತಾನ.”

“ಸೊಕ್ಕಿಲ್ದ ಪೈಲ್ವಾನ ಆಗ್ತಾನೇನ? ಹನ್ನೊಂದ ವರ್ಸ ಊರ ಮಂದಿ ನನ್ನ ಮಾರಿ ನೋಡಿ ನಕ್ಕಾರ. ಅವಾಗ ಎಲ್ಲಿದ್ದಿ ನೀ? ತಂದಾಕಿ ನೀನ, ಈಗ ಬ್ಯಾಡ ಅನ್ನಾಕಿ ನೀನ.”

ತಂದವಳು ನಾನೇ.

ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಸಿದರಾಯ ತಾಲೀಮಿಗೆ ಹೊರಟು ಪಟ್ಟಿ ಹುಡುಕತೊಡಗಿದ. ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ.

“ಎಲ್ಲಿ ಇಟ್ಟಿ?”

“ಕೊಡಂಗಿಲ್ರಿ.”

ಮುಂದಿನದು ನನಗೆ ಗೋಡೆಯಿಂದಲೇ ನೆನಪಿದೆ. ಬೆನ್ನು ಗೋಡೆಗೆ ಬಡಿಯಿತು, ಕಾಲು ನೆಲ ಬಿಟ್ಟಿತು. ಕುತ್ತಿಗೆಯ ಸುತ್ತ ಅವನ ಎರಡೂ ಕೈ. ಕೂಗಲು ಹೋದರೆ ನಾಲಿಗೆ ಹೊರಗೆ ಬಂತೇ ಹೊರತು ಸದ್ದು ಬರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬರುತ್ತಿತ್ತು. ಇಷ್ಟು ಹತ್ತಿರದಿಂದ ಅವನ ಮುಖವನ್ನು ಪ್ರೀತಿಯಲ್ಲಿ ಮಾತ್ರ ನೋಡಿದ್ದೆ. ನನ್ನ ಕಾಲು ತಾಗಿ ಡಬ್ಬಿ ಉರುಳಿತು, ಹಿಟ್ಟು ಚೆಲ್ಲಿತು, ಪಟ್ಟಿ ಹೊರಗೆ ಬಿತ್ತು. ಅದನ್ನು ಕಂಡದ್ದೇ ಕೈ ಸಡಿಲಿಸಿದ. ಪಟ್ಟಿ ಎತ್ತಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೋದ.

ನೆಲದ ಮೇಲೆ ಕೂತು ಕೆಮ್ಮಿದೆ, ಅತ್ತೆ, ಅವನಿಗೆ ಹಿಡಿಶಾಪ ಹಾಕಿದೆ. ಆಮೇಲೆ ಕುತ್ತಿಗೆಗೆ ಸೆರಗು ಸುತ್ತಿಕೊಂಡು ಪ್ರಯೋಗಾಲಯಕ್ಕೆ ಓಡಿದೆ.

ಅವತ್ತು ಮೊದಲ ಬಾರಿ ಹಾರ್ಮೋನಿನ ಅಂಕಿ ಬಿಟ್ಟು ಪಟ್ಟಿಯ ಚಲನೆಯ ದಾಖಲೆ ತೆರೆದೆ. ಹಿಂದಿನ ದಿನ ಬೆಳಿಗ್ಗೆ ಆರೂವರೆಗೆ ಸಿದರಾಯನ ಪಟ್ಟಿ ಮೂರು ಸಲ ಗುಂಯ್ ಅಂದಿತ್ತು. ಅದರ ಕೆಳಗೆ ಮತ್ತೆ ಎತ್ತಿದ್ದು, ಇಳಿಸಿದ್ದು, ಎತ್ತಿದ್ದು, ಇಳಿಸಿದ್ದು, ಬಿಡುವಿಲ್ಲದೆ ನಲವತ್ತು ಸಲ. ಮತ್ತೆ ಗುಂಯ್, ಮತ್ತೆ ಮೂವತ್ತು. ಹನ್ನೆರಡೂ ಪಟ್ಟಿಗಳ ಕಥೆ ಇದೇ.

“ಯಾಕೆ ಇಳಿಸ್ತಿಲ್ಲ ಇವರು?” ಎಂದರು ಗಲಗಲಿ.

ವಸ್ತಾದ ಬಸ್ ಅಂದಿಲ್ಲವಲ್ಲ, ಹೇಗೆ ಇಳಿಸಿಯಾರು? ಪಟ್ಟಿ ದಿನಾ ಬೇಡಿಕೊಂಡಿದೆ, ಇವರು ಅಪ್ಪನ ಬಾಯಿ ನೋಡುತ್ತ ನಿಂತಿದ್ದಾರೆ. ನಾನು ಬರೆದ ಸಾಲು ದಿನಾ ಮಿತಿಯನ್ನು ಒಂದೊಂದು ಮೆಟ್ಟಿಲು ಮೇಲೆ ಏರಿಸಿದೆ. ಮಣ್ಣೂ ಅಲ್ಲ, ಮಜ್ಜಿಗೆಯೂ ಅಲ್ಲ. ಪಟ್ಟಿ ತೋರಿಸಿದ್ದೆಲ್ಲ ನಿಜ.

“ಸರ್, ಪಟ್ಟಿ ಎಲ್ಲಾ ಇಲ್ಲಿಂದ ಬಂದ್ ಮಾಡ್ಲಿಕ್ಕೆ ಆಗ್ತದೇನ್ರಿ?”

“ಸುತ್ತು ನಡೆದಿರುವಾಗ ಆಗೋದಿಲ್ಲ. ಭಾರ ಕೆಳಗಿಟ್ಟ ಮೇಲಷ್ಟೇ. ಆ ರಕ್ಷಣೆ ಹಾಕಿದವಳೂ ನೀನೇ ಅಲ್ಲವೇ? ತಾಳ ನಡುವೆ ತಪ್ಪಿದರೆ ಸ್ನಾಯು ಹರಿದೀತು ಅಂತ.”

ಸ್ಕೂಟಿ ತಿರುಗಿಸಿಕೊಂಡು ತಾಲೀಮಿಗೆ ಬಂದೆ.

ಹೊಸ್ತಿಲು ಮುಟ್ಟುವ ಮೊದಲೇ ಕೂಗು ಕೇಳಿಸಿತು. ಒಳಗೆ ಇಬ್ಬರು ಕಣದಲ್ಲಿ ಹೊರಳಾಡುತ್ತಿದ್ದರು, ಕುಸ್ತಿಯಲ್ಲ ಅದು. ಒಬ್ಬನ ಕಿವಿ ಇನ್ನೊಬ್ಬನ ಹಲ್ಲಿನಲ್ಲಿತ್ತು. ಸುತ್ತ ಉಳಿದವರು ಕಲ್ಲು ಎತ್ತಿ ಇಳಿಸುತ್ತ ನಿಂತಿದ್ದರು, ಯಾರೂ ಬಿಡಿಸಲು ಹೋಗಲಿಲ್ಲ. ನಡುವೆ ಸಿದರಾಯ. ಮೂಗಿನಿಂದ ರಕ್ತ ಇಳಿದು ಎದೆಗೆ, ಎದೆಯಿಂದ ಕಲ್ಲಿಗೆ ಹತ್ತಿತ್ತು. ಅಪ್ಪ ಗೋಡೆಗೆ ಒರಗಿ ನಿಂತಿದ್ದ, ಬಾಯಿಯ ಎಲೆ ಅಗಿಯುವುದನ್ನೂ ಮರೆತಿದ್ದ. ಅವನಿಗೂ ಹೆದರಿಕೆಯಾಗಿದೆ ಎಂದು ಗೊತ್ತಾಯಿತು.

“ಅಪ್ಪಾ, ಬಸ್ ಅನ್ನು! ನೀ ಅನ್ನೂ ತನಕ ಇಳಸಂಗಿಲ್ಲ ಇವರು. ಅದಕ್ಕ ಹಿಂಗ ಆಗೇತಿ. ಬಸ್ ಅನ್ನು!”

ಅಪ್ಪ ತಿರುಗಿದ. ಓಡಿಬಂದ ರಭಸಕ್ಕೆ ನನ್ನ ಸೆರಗು ಜಾರಿತ್ತು. ಅಪ್ಪನ ಕಣ್ಣು ನನ್ನ ಕುತ್ತಿಗೆಯ ಮೇಲೆ ನಿಂತಿತು. ಹತ್ತು ಬೆರಳೂ ಎಣಿಸುವ ಹಾಗೆ ಕಂದಿ ಮೂಡಿದ್ದವು.

“ಯಾರ ಮಾಡಿದ್ದಿದು?”

ಮೊದಲು ಬಸ್ ಅನ್ನಪ್ಪಾ, ಉಳಿದದ್ದು ಆಮೇಲೆ ಅಂತ ಕಾಲು ಹಿಡಿಯಬೇಕಿತ್ತು. ಬೆಳಗಿನಿಂದ ಹೊಟ್ಟೆಯಲ್ಲಿಟ್ಟುಕೊಂಡ ಅವಮಾನ ಒಮ್ಮೆಲೇ ಎದ್ದುಬಂದು, ಸಿದರಾಯನ ಕಡೆ ಬರೀ ನೋಡಿದೆ. ಅಷ್ಟು ಸಾಕಾಯಿತು.

ಅರವತ್ತೆಂಟು ವರ್ಷದ ಅಪ್ಪ ಕಣಕ್ಕೆ ಹಾರಿದ. “ನನ್ನ ಮಗಳ ಮ್ಯಾಲ ಕೈ ಮಾಡತೀಯೇನಲೇ? ನನ್ನ ಉಪ್ಪ ತಿಂದ ನಾಯಿ!” ಎಂದವನೇ ಸಿದರಾಯನ ಕೆನ್ನೆಗೆ ಬಾರಿಸಿದ. ಒಂದು, ಎರಡು. ಮೂರನೆಯದಕ್ಕೆ ಕಲ್ಲು ಸಿದರಾಯನ ಕೈಯಿಂದ ಜಾರಿ ಮಣ್ಣಿಗೆ ಬಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಬಸ್ ಅನ್ನದೆ.

ಖಾಲಿಯಾದ ತೋಳುಗಳನ್ನು ಸಿದರಾಯ ಒಂದು ಗಳಿಗೆ ನೋಡಿಕೊಂಡ. ಪಟ್ಟಿ ಇನ್ನೂ ತಾಳ ಬಡಿಯುತ್ತಿದ್ದಿರಬೇಕು. ಬಗ್ಗಿ ಅಪ್ಪನ ಎದೆಗೂಡಿನ ಸುತ್ತ ತೋಳು ಹಾಕಿದ. ಬೆನ್ನ ಹಿಂದೆ ಕೈಗೆ ಕೈ ಕೂಡಿಸಿ ಎತ್ತಿದ.

ಮೊದಲ ಪಕ್ಕೆಲುಬಿನ ಸದ್ದು ನನಗೆ ಹೊಸ್ತಿಲಲ್ಲಿ ಕೇಳಿಸಿತು. ಇಬ್ಬರು ಪೈಲ್ವಾನರು ಕಲ್ಲು ಬಿಟ್ಟು ಓಡಿಬಂದರು. ಒಬ್ಬ ಸಿದರಾಯನ ತೋಳಿಗೆ ಜೋತುಬಿದ್ದ, ಸಿದರಾಯ ಒದ್ದ ಏಟಿಗೆ ಅವನ ಮೊಣಕಾಲು ಹಿಂದುಮುಂದಾಗಿ ಮಡಚಿಕೊಂಡಿತು. ಇನ್ನೊಬ್ಬ ಕುತ್ತಿಗೆ ಹಿಡಿಯಲು ಹೋಗಿ, ಭುಜದ ಪೆಟ್ಟಿಗೆ ಹಾರಿ ತಲೆಕೆಳಗಾಗಿ ಕಲ್ಲಿನ ಮೇಲೆ ಬಿದ್ದು ಮತ್ತೆ ಅಲ್ಲಾಡಲಿಲ್ಲ. ಅಪ್ಪನ ಬಾಯಿಂದ ಎಲೆಯ ಕೆಂಪೋ ರಕ್ತದ ಕೆಂಪೋ ತಿಳಿಯದಂಥದು ಗಲ್ಲಕ್ಕೆ ಇಳಿಯಿತು. ಕಾಲು ನೆಲದಿಂದ ಒಂದು ಗೇಣು ಮೇಲೆ ಬಡಿದುಕೊಳ್ಳುತ್ತಿತ್ತು.

ಆಗ ಸಿದರಾಯನ ಕಣ್ಣು ನೋಡಿದೆ. ಸಿಟ್ಟು ಹೋಗಿತ್ತು. ಅವನು ಅಪ್ಪನ ಬಾಯನ್ನು ನೋಡುತ್ತಿದ್ದ. ಉಗುರು ಕಿತ್ತುಬಂದ ದಿನ ನೋಡಿದ್ದ ಹಾಗೆಯೇ, ಶಿಷ್ಯನ ಕಣ್ಣಿನಿಂದ. ಎತ್ತಿದ್ದಾನೆ, ಇನ್ನು ವಸ್ತಾದ ಹೇಳಬೇಕು. ವಸ್ತಾದನ ತುಟಿ ಆಡುತ್ತಿತ್ತು, ಆದರೆ ಎದೆಯಲ್ಲಿ ಗಾಳಿ ಇರಲಿಲ್ಲ. ಬಸ್ ಅನ್ನಲು ಒಂದಿಷ್ಟಾದರೂ ಗಾಳಿ ಬೇಕು.

ನಾನು ಹೊಸ್ತಿಲು ದಾಟಿದೆ. ಹುಟ್ಟಿದಂದಿನಿಂದ ತುಳಿಯದ ಮಣ್ಣು ಕಾಲಿಗೆ ತಣ್ಣಗೆ ಹತ್ತಿತು. ಅಪ್ಪನ ದನಿಯನ್ನು ಎಷ್ಟು ಆಗುತ್ತದೋ ಅಷ್ಟು ಹೊಟ್ಟೆಯಿಂದ ತೆಗೆದು ಕೂಗಿದೆ.

“ಬಸ್!”

ತಾಲೀಮಿನಲ್ಲಿದ್ದ ಕಲ್ಲುಗಳೆಲ್ಲ ನಿಂತವು. ಕಿವಿ ಕಚ್ಚಿದವನೂ ಬಾಯಿ ಬಿಟ್ಟ. ಸಿದರಾಯ ತಲೆ ಆಡಿಸಿದ, ಕೇಳಿಸಿತು ಎನ್ನುವ ಹಾಗೆ. ಆಮೇಲೆ ಇಳಿಸತೊಡಗಿದ.

ಬಿಡಲಿಲ್ಲ, ಇಳಿಸಿದ. ಮೂರು ತಿಂಗಳಿಂದ ದಿನಕ್ಕೆ ನೂರಾರು ಸಲ ಆ ತೋಳು ಕಲಿತಿದ್ದ ಹಾಗೆ, ಸ್ನಾಯುವಿನ ಬಿಗಿ ಬಿಡದೆ.

ಒಂದು. ಅಪ್ಪನ ಕಣ್ಣು ನನ್ನ ಕಡೆ ಹೊರಳಿತು.

ಎರಡು. “ಬಿಡ್ರಿ! ಒಮ್ಮೆಲೇ ಬಿಡ್ರಿ!” ಎಂದು ಕಿರುಚಿದೆ. ಆ ಮಾತು ತಾಲೀಮಿನ ಮಾತಲ್ಲ. ಅವನಿಗೆ ಮುಟ್ಟಲಿಲ್ಲ.

ಮೂರು. ಒಳಗೆ ಇನ್ನೊಂದು ಎಲುಬು ಮುರಿಯಿತು.

ನಾಲ್ಕು. ಸಿದರಾಯ ಮೊಣಕಾಲೂರಿ, ಅಪ್ಪನನ್ನು ಕೆಂಪು ಮಣ್ಣಿನ ಮೇಲೆ ಅಂಗಾತ ಮಲಗಿಸಿ, ಕೈ ಬಿಡಿಸಿಕೊಂಡು, ಪದ್ಧತಿಯ ಪ್ರಕಾರ ಪಾದ ಮುಟ್ಟಿ ಹಣೆಗೆ ಒತ್ತಿಕೊಂಡ.

ಎಂಟು ಪಕ್ಕೆಲುಬು ಮುರಿದಿದ್ದವು. ಏಳರ ಗಾಯದಿಂದ ಮನುಷ್ಯ ಬದುಕಬಹುದಿತ್ತು, ಹೃದಯಕ್ಕೆ ಹೊಕ್ಕದ್ದು ಕೊನೆಗೆ ಮುರಿದ ಎಲುಬು ಎಂದು ಶವಪರೀಕ್ಷೆಯ ಡಾಕ್ಟರರು ಹೇಳಿದರು. ಅದು ಯಾವ ಸೆಕೆಂಡಿನಲ್ಲಿ ಮುರಿಯಿತೆಂದು ನನಗೆ ಗೊತ್ತು. ಅವರು ಕೇಳಲಿಲ್ಲ. ಕಲ್ಲಿನ ಮೇಲೆ ಬಿದ್ದ ಪೈಲ್ವಾನ ಒಂಬತ್ತು ದಿನ ಕಳೆದು ಸತ್ತ. ಪಟ್ಟಿಗಳನ್ನು ಪೊಲೀಸರು ಒಯ್ದರು. ಕೇಂದ್ರದವರು ತಪ್ಪಿನ ಸಾಲನ್ನು ಅಳಿಸಿ, ಗುಂಯ್‌ಗುಡುವ ಸದ್ದನ್ನು ದೊಡ್ಡದು ಮಾಡಿ, ಮತ್ತೆ ಪ್ರಯೋಗ ಶುರು ಮಾಡಿದ್ದಾರಂತೆ. ರಾಜೀನಾಮೆ ಕೊಟ್ಟು ಬಂದವಳು ನಾನು ಆ ಕಡೆ ಹೋಗಿಲ್ಲ.

ಐದು ತಿಂಗಳ ಮೇಲೆ ಜೈಲಿಗೆ ಹೋದೆ. ಯಾಕೆ ಹೋದೆನೋ, ಕ್ಷಮಿಸಿ ಹೋದದ್ದಂತೂ ಅಲ್ಲ. ಕುತ್ತಿಗೆಯ ಕಲೆ ಮಾಸಿದೆ, ಆದರೆ ಈಗಲೂ ಯಾರಾದರೂ ಹಿಂದಿನಿಂದ ಬಂದರೆ ಕೈಯಲ್ಲಿದ್ದದ್ದು ಬಿದ್ದುಹೋಗುತ್ತದೆ. ಜಾಳಿಗೆಯ ಆಚೆ ಸಿದರಾಯ ಬಂದು ಕೂತ. ಮಟ್ಟ ಏರಿದಷ್ಟೇ ಕೆಳಗೆ ಇಳಿದಿತ್ತು, ದೇಹ ತಾನಾಗಿ ಹಾರ್ಮೋನು ಮಾಡುವುದನ್ನೇ ನಿಲ್ಲಿಸಿತ್ತು. ತೋಳಿನ ಚರ್ಮ ಜೋತುಬಿದ್ದಿತ್ತು. ನೀರಿನ ತಂಬಿಗೆಯನ್ನು ಎರಡು ಕೈಯಲ್ಲಿ ಹಿಡಿದು ಕುಡಿದ.

ತಂಬಿಗೆ ಕೆಳಗಿಟ್ಟು, ತಲೆ ತಗ್ಗಿಸಿಕೊಂಡೇ ಕೇಳಿದ. “ಎಲ್ಲಾ ಸರಿಯಾಗಿ ನೆನಪಿಲ್ಲ ಕಸ್ತೂರಿ. ವಸ್ತಾದರನ್ನ ಎತ್ತಿ ಒಗೀಲಿಲ್ಲ ಹೌದಲ್ಲ ನಾ? ಮೆಲ್ಲಕ ಇಳಿಸಿದ್ನಿ, ಅಲ್ಲ?”

ಒಂದು ಉತ್ತರದಿಂದ ಅವನನ್ನು ಅಲ್ಲೇ ಕೊಂದುಹಾಕಬಹುದಿತ್ತು. ಅದಕ್ಕಾಗಿಯೇ ಬಂದಿದ್ದೆನೇನೋ. ಆದರೆ ಆ ಎಣಿಕೆಯನ್ನು ಬರೆದವಳು ಜಾಳಿಗೆಯ ಈಚೆ ಕೂತಿದ್ದಳು.

“ಹೂಂ ರಿ” ಅಂದೆ. “ನಾಲ್ಕ ಎಣಿಸಿ, ಮೆಲ್ಲಕ ಇಳಿಸಿದ್ರಿ.”